ಅವ್ವನಿಗೆ ಸುಳ್ಳು ಹಿಡಿಯಲು ಕಲಿಸಿದವರು

ಮೊನ್ನೆ ಅಮೀರ್‌ಪೇಟ್ ಮೆಟ್ರೊ ಸ್ಟೇಶನ್ನಿನ ಕೆಳಗೆ ಒಬ್ಬಾತ ಹಾಗಲಕಾಯಿ ರುಬ್ಬಿ ರಸ ಹಿಂಡುತ್ತಿದ್ದ. ಆ ಹಸಿ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಲೈಬ್ರರಿ ಮೇಡಂ ನೆನಪಾದರು…

ಕಾಚಿಗೂಡದಲ್ಲಿ ನಮ್ಮ ಮನೆ ಹತ್ತಿರದ ಸಣ್ಣ ಕನ್ನಡ ಗ್ರಂಥಾಲಯವನ್ನು ಅವರು ನೋಡಿಕೊಳ್ಳುತ್ತಿದ್ದರು. ರಾಯಚೂರು ಕಡೆಯವರು. ಅವ್ವ ದಿನಾ ಮಧ್ಯಾಹ್ನ ವಾರಪತ್ರಿಕೆ ಓದಲು ಅಲ್ಲಿಗೆ ಹೋಗುತ್ತಿದ್ದಳು.

ಒಂದು ದಿನ ಫ್ರಿಜ್ಜಿನಲ್ಲಿ ಅವ್ವನ ಹೊಸ ಇನ್ಸುಲಿನ್ ಸೀಸೆ ಕಂಡೆ. ಸೀಲು ಒಡೆದೇ ಇರಲಿಲ್ಲ. ಕೇಳಿದರೆ ವಾಟ್ಸ್ಯಾಪಿನ ವಿಡಿಯೊ ತೋರಿಸಿದಳು. ಬಿಳಿ ಕೋಟಿನವನೊಬ್ಬ, ತನ್ನ ಹಾಗಲ ಸಿರಪ್ ಕುಡಿದರೆ ಸೂಜಿಯೇ ಬೇಡ ಎನ್ನುತ್ತಿದ್ದ. ಸಿರಪ್ ಬರುವ ತನಕ ಇರಲೆಂದು ಅವ್ವ ಮನೆಯಲ್ಲೇ ರಸ ಹಿಂಡಿ ಕುಡಿಯುತ್ತ, ನಾಲ್ಕು ದಿನದಿಂದ ಸೂಜಿ ಬಿಟ್ಟಿದ್ದಳು. ನಾನು ಕೂಗಾಡಿದೆ.

"ಅಷ್ಟು ದೊಡ್ಡ ಡಾಕ್ಟರ್ ಸುಳ್ಳ ಹೇಳ್ತಾನೇನು?" ಎಂದು ಮುಖ ತಿರುಗಿಸಿದಳು.

ದಿಕ್ಕು ತೋಚದೆ ಮೇಡಂಗೆ ಹೇಳಿದೆ. ಅವರು ಅವ್ವನನ್ನು ಬೈಯಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿದರು.

"ಅಮ್ಮಾರ, ಈ ಡಾಕ್ಟರ್ ಯಾವ ದವಾಖಾನಿಯವರು, ನೀವ ಹುಡುಕ್ರಿ. ನಾ ಬಾಜೂಕ ಕುಂದರ್ತೀನಿ."

ಅವ್ವ ಒಂದೊಂದೇ ಅಕ್ಷರ ಒತ್ತಿದಳು. ಆ ಹೆಸರು ಸಿರಪ್ಪಿನ ಜಾಹೀರಾತಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ವೈದ್ಯರ ನೋಂದಣಿ ಪಟ್ಟಿಯಲ್ಲೂ ಇಲ್ಲ. ಆಮೇಲೆ ಅವನ ಫೋಟೊ ಹಾಕಿ ಹುಡುಕುವುದನ್ನು ಮೇಡಂ ತೋರಿಸಿಕೊಟ್ಟರು. ಅದೇ ಮುಖ, ಬೇರೆ ಹೆಸರಿಟ್ಟುಕೊಂಡು ಇನ್ನೊಂದು ಕಡೆ ಕೂದಲೆಣ್ಣೆ ಮಾರುತ್ತಿತ್ತು!

"ಅಯ್ಯ, ಇಂವ ಡಾಕ್ಟರೇ ಅಲ್ಲಲ್ರೀ!" ಎಂದಳು ಅವ್ವ.

"ನೀವ ಕಂಡ ಹಿಡದ್ರಿ," ಮೇಡಂ ನಕ್ಕರು. "ಈಗ ನಡೀರಿ, ಖರೇ ಡಾಕ್ಟರ್ ಕಡೆ ಹೋಗೂಣು."

ಸಕ್ಕರೆ ಗಾಬರಿಯಾಗುವಷ್ಟು ಏರಿತ್ತು. ಇನ್ನೆರಡು ದಿನ ತಡವಾಗಿದ್ದರೆ… ಎನ್ನುತ್ತಲೇ ಡಾಕ್ಟರ್ ಔಷಧಿ ಚೀಟಿ ಬರೆದರು. ಅವ್ವ ಅಂದೇ ಮತ್ತೆ ಸೂಜಿ ಶುರು ಮಾಡಿದಳು.

ಮುಂದಿನ ತಿಂಗಳು ಅದೇ ಸಿರಪ್ಪಿನ ಏಜೆಂಟ್ ನಮ್ಮ ಓಣಿಯ ಸಮುದಾಯ ಭವನಕ್ಕೆ ಬಂದ. ತುಂಬಿದ ಸಭೆಯಲ್ಲಿ ಅವ್ವ ಎದ್ದು ನಿಂತಳು.

"ನಿಮ್ಮ ಡಾಕ್ಟರ್ ನೋಂದಣಿ ನಂಬರ್ ಹೇಳ್ರಿ. ಇದನ್ನ ಪರೀಕ್ಷಾ ಮಾಡಿದವರು ಯಾರು, ಅದನ್ನೂ ಹೇಳ್ರಿ."

ಕನ್ನಡದಲ್ಲಿ ಕೇಳಿದಳು, ತೆಲುಗಿನಲ್ಲೂ ಕೇಳಿದಳು. ಆತ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ನಡೆದ. ಇಡೀ ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿದ್ದ ಮೇಡಂ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಹೋದ ವರ್ಷ ಅವರು ತೀರಿಕೊಂಡರು. ಶನಿವಾರ ಸಂಜೆ ಗ್ರಂಥಾಲಯದಲ್ಲಿ ಜನ ಫೋನು ಹಿಡಿದು ಈಗ ಅವ್ವನ ಸುತ್ತ ಕೂರುತ್ತಾರೆ. ಕಳೆದ ವಾರ ಅಜ್ಜನೊಬ್ಬ ತಾನೇ ಹುಡುಕಿ ಒಂದು ಸುಳ್ಳು ಔಷಧಿಯನ್ನು ಬಯಲಿಗೆಳೆದ. ಕೇಕೆಯೋ ಕೇಕೆ! ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೇಡಂ ಇರಬೇಕಿತ್ತು," ಎಂದಳು.

ಹೌದು… ಇರಬೇಕಿತ್ತು.