ಅಪ್ಪ ಗಣಿಗೆ ಇಳಿದವರಲ್ಲ

ಅಪ್ಪ ಒಂದು ದಿನವೂ ಗಣಿಯೊಳಗೆ ಇಳಿದವರಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಅವರು ಕೇಜು, ಅಂದರೆ ಆಳುಗಳನ್ನು ಹೊತ್ತ ಕಬ್ಬಿಣದ ಪಂಜರ, ಇಳಿಸುವ ಎಂಜಿನ್ ಓಡಿಸುತ್ತಿದ್ದರು. ಕೆಳಗಿನಿಂದ ಗಂಟೆ ಬಂದರೆ ಎತ್ತುವುದು, ಮೇಲಿನಿಂದ ಗಂಟೆ ಬಂದರೆ ಇಳಿಸುವುದು. ಕೇಜಿನಲ್ಲಿ ನಿಂತ ಆಳುಗಳು ಅವರಿಗೆ ಕಾಣುತ್ತಿರಲಿಲ್ಲ. ಎದುರಿಗಿದ್ದದ್ದು ಉಕ್ಕಿನ ಹಗ್ಗ ಸುತ್ತುವ ದೊಡ್ಡ ಉರುಳೆ, ಕೇಜು ಎಷ್ಟು ಆಳದಲ್ಲಿದೆ ಎಂದು ತೋರಿಸುವ ಮುಳ್ಳು, ಇಷ್ಟೇ. ಎಂಜಿನ್ ಓಡುವಾಗ ಡ್ರೈವರನ್ನು ಯಾರೂ ಮಾತಾಡಿಸಕೂಡದು ಎಂಬುದು ಅಲ್ಲಿನ ನಿಯಮ. ಆ ನಿಯಮ ನಮ್ಮ ಮನೆಯೊಳಗೂ ಬಂದಿತ್ತು. ಅಪ್ಪ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರೂ ನಾವು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆವು.

ಏಳನೇ ಕ್ಲಾಸಿಗೆ ನನ್ನ ಓದು ನಿಂತಾಗ ಅಪ್ಪನೇ ನನ್ನನ್ನು ಮದ್ರಾಸಿನ ರೈಲು ಹತ್ತಿಸಿದರು. ಗಣಿ ಆಳುಗಳ ಮನೆಸಾಲಿನ, ನಮ್ಮ ಲೈನಿನ ಹುಡುಗರೆಲ್ಲ ಗಣಿಗೆ ಸೇರುತ್ತಿದ್ದ ಕಾಲ. "ನಾನು ಇಳಿಸೋ ಕೇಜಲ್ಲಿ ನೀನು ನಿಂತ್ಕೋಬಾರ್ದು" ಅಂದರು. ಸೌಕಾರ್‌ಪೇಟೆಯ ಜವಳಿ ಗೋಡೌನಿನಲ್ಲಿ ಬಟ್ಟೆಯ ಬೇಲು ಹೊತ್ತೆ. ಹೆಗಲ ಮೇಲೆ ಚರ್ಮ ಎರಡು ಸಲ ಸುಲಿದು ಹೊಸದು ಬಂತು. ಯಾರ ಮುಂದೆಯೂ ಕೈ ಚಾಚಲಿಲ್ಲ. ನನ್ನ ಮದುವೆಗೆ ನಾನೇ ಚಪ್ಪರ ಹಾಕಿಸಿದೆ.

ಗೋಡೌನಿನ ಯಜಮಾನರು ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಹಣೆಗೆ ನಾಮ, ಬಾಯಲ್ಲಿ ಅರ್ಧ ತಮಿಳು. ವ್ಯಾಪಾರ ಮಕ್ಕಳ ಕೈಗೆ ಹೋದ ಮೇಲೆ ಅವರು ಈಸ್ಟ್ ಕೋಸ್ಟ್ ರೋಡಿನಾಚೆ, ಸಮುದ್ರಕ್ಕೆ ಅಂಟಿಕೊಂಡಂತೆ, ತೆಂಗಿನ ತೋಟವೊಂದನ್ನು ಕೊಂಡರು. ಅದರಲ್ಲಿ ಗರಿ ಹೊದಿಸಿದ ನಾಲ್ಕು ಕೋಣೆ ಕಟ್ಟಿಸಿ, ಊರಿನ ಗದ್ದಲ ಸಾಕಾದವರು ಬಂದು ತಂಗಲಿ ಎಂದರು. ನನ್ನನ್ನು, ನನ್ನ ಹೆಂಡತಿಯನ್ನು ಅಲ್ಲಿಗೆ ಕಳಿಸಿದರು. ನಾನು ತೋಟ ನೋಡಿಕೊಳ್ಳುವುದು, ಅವಳು ಅಡುಗೆ. ಟಿ. ನಗರದಿಂದ ಬಂದ ಹೆಂಗಸರು ಅವಳ ರಾಗಿ ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿಕೊಂಡು ತಿನ್ನುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಅಪ್ಪ ಒಂದು ಟ್ರಂಕಿನೊಂದಿಗೆ ಬಂದರು. ಅವ್ವ ಆಗಲೇ ಇರಲಿಲ್ಲ. ಪಂಪು ಶೆಡ್ಡಿನ ಪಕ್ಕದ ಕೋಣೆಯಲ್ಲಿ ಅವರನ್ನು ಇರಿಸಿಕೊಳ್ಳುತ್ತೇನೆ ಎಂದೆ. ಯಜಮಾನರು "ಸೆರಿ ಪಾ, ಇರಲಿ" ಅಂದರು. ಅಪ್ಪ ಬೆಳಗ್ಗೆ ಎದ್ದು ಸಮುದ್ರದ ಕಡೆ ಮುಖ ಮಾಡಿ ಕುಳಿತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ನೋಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನಾನೂ ಕೇಳಲಿಲ್ಲ.

ಒಂದು ದಿನ ಯಜಮಾನರಿಗೆ ಹೊಸ ಯೋಚನೆ ಬಂತು. ಬಂದವರಿಗೆ ಒಂದು ದಿನ ಸಮುದ್ರ, ಮಾರನೆಯ ದಿನ ವ್ಯಾನಿನಲ್ಲಿ ಚಿನ್ನದ ಗಣಿಯ ಊರು. ಬಿಳಿಯರ ಹಳೇ ಬಂಗಲೆ, ಕ್ಲಬ್ಬು, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಬಿಳಿ ಗುಡ್ಡ, ಮುಚ್ಚಿದ ಗಣಿಯ ಬಾಯಿ.

"ಪೆರಿಯವರೇ, ನೀವೇ ತೋರಿಸ್ಬೇಕು. ಉಳ್ಳೆ, ಒಳಗೆ ಹೆಂಗಿತ್ತು, ಕತ್ತಲೆ, ಬಂಡೆ ಸಿಡಿಯೋದು, ಎಲ್ಲಾ ಹೇಳ್ಬೇಕು."

"ನಾನು ಒಳಕ್ಕೆ ಹೋಗಿಲ್ಲ ಸಾಮಿ," ಅಂದರು ಅಪ್ಪ. "ಇಳಿಸ್ತಿದ್ದೆ ಅಷ್ಟೇ."

"ಅಯ್ಯೋ, ಯಾರು ಕೇಳ್ತಾರೆ? ಒಂದ್ಸಲ ಹೋಗಿದ್ದೆ ಅನ್ನಿ, ಮುಗೀತು." ಆಮೇಲೆ ನನ್ನ ಕಡೆ ತಿರುಗಿ, "ನೋಡಪ್ಪಾ, ಪೆರಿಯವರ ರೂಮಿಗೆ ಸುಣ್ಣ ಹೊಡ್ಸಿದ್ರೆ ಗೆಸ್ಟ್‌ಗೇ ಕೊಡಬಹುದು. ಸುಮ್ನೆ ಬಿಟ್ಟಿದೀನಿ" ಅಂದರು.

ಜೋರು ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಅಪ್ಪನಿಗೆ ಬೇರೆ ಮನೆ ಮಾಡುವ ಶಕ್ತಿ ನನಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅಪ್ಪನ ಜೊತೆ ನಾನೂ ವ್ಯಾನು ಹತ್ತಿದೆ. ಮೊದಲ ಸಲ ಹೋದವರು ಒಬ್ಬ ರಿಟೈರಾದ ಬ್ಯಾಂಕಿನವರು, ಅವರ ಹೆಂಡತಿ, ಜೊತೆಗೆ ಮೂರ್ನಾಲ್ಕು ಜನ. ಬಿಳಿ ಗುಡ್ಡದ ಮುಂದೆ ಫೋಟೋ ತೆಗೆಸಿಕೊಂಡರು. ಬಂಗಲೆಯ ಮುಂದೆ ಗುಲಾಬಿ ಗಿಡಗಳು ಒಣಗಿ ನಿಂತಿದ್ದವು. ಗಣಿಯ ಬೇಲಿಯಾಚೆ ನಿಂತಾಗ ಅಪ್ಪ ತಲೆಯೆತ್ತಿ, ಕಬ್ಬಿಣದ ಗೋಪುರದ ತುದಿಯ, ತಮ್ಮ ಎಂಜಿನ್ನಿನ ಹಗ್ಗ ಹಾಯುತ್ತಿದ್ದ ಚಕ್ರವನ್ನು ನೋಡಿದರು.

"ಪೆರಿಯವರೇ, ಕೆಳಗೆ ಹೇಗಿರುತ್ತೆ?" ಎಂದು ಬ್ಯಾಂಕಿನವರು ತಮಿಳಿನಲ್ಲಿ ಕೇಳಿದರು.

ಅಪ್ಪ ಚಕ್ರವನ್ನೇ ನೋಡುತ್ತಿದ್ದರು. ಬ್ಯಾಂಕಿನವರು ಮತ್ತೆ ಕೇಳಿದರು. ಹೆಂಡತಿ ಕಿವಿಯ ಹತ್ತಿರ ಬಂದು ಕೂಗಿದರು. ಅಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆ ಚಕ್ರ ತಿರುಗುವಾಗ ಅವರು ಎಂದೂ ಯಾರಿಗೂ ಉತ್ತರ ಕೊಟ್ಟವರಲ್ಲ. ಚಕ್ರ ನಿಂತು ತುಕ್ಕು ಹಿಡಿದಿದೆ, ಈಗ ಮಾತಾಡಬಹುದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ವ್ಯಾನಿನ ಹತ್ತಿರ ವಾಪಸು ಬಂದ ಮೇಲೆ ಅಪ್ಪ ತಾವಾಗಿಯೇ, "ನಾನು ಇಳಿದಿಲ್ಲ" ಅಂದರು.

"ಮತ್ತೆ ಯಾರು ಇಳಿದದ್ದು?"

"ಎಲ್ಲಾರೂ."

ಬ್ಯಾಂಕಿನವರು ನಕ್ಕು ಹೆಂಡತಿಯ ಮುಖ ನೋಡಿದರು. ಮಾತು ಯಜಮಾನರವರೆಗೆ ಹೋಯಿತು. ಗಣಿಯೊಳಗೆ ದುಡಿದವನು ಎಂದು ಹೇಳಿ ಕಾವಲುಗಾರನನ್ನು ಕಳಿಸಿದ್ದೀರಿ ಎಂದರಂತೆ. ಯಜಮಾನರು ನನ್ನನ್ನು ತೆಂಗಿನ ಮರದ ಕೆಳಗೆ ಕರೆದರು. ಬೈಯಲಿಲ್ಲ.

"ಬಿಡಪ್ಪಾ, ಅವರ ಕೈಲಿ ಆಗಲ್ಲ. ನೀನೇ ಹೇಳು. ಬೇಲು ಹೊತ್ತ ತೋಳು, ಆ ಊರಿನವನು. ನಾನೂ ಇಳಿದಿದ್ದೆ ಅಂದ್ರೆ ಯಾರು ಇಲ್ಲ ಅಂತಾರೆ? ಪೆರಿಯವರು ರೂಮಲ್ಲೇ ಇರಲಿ, ನೆಮ್ಮದಿಯಾಗಿ."

ನಾನು ಹೂಂ ಅಂದೆ. ಏನೂ ಅನ್ನಿಸಲಿಲ್ಲ. ಬೇಲು ಭಾರವಾದಾಗ ಹೆಗಲು ಬದಲಿಸುತ್ತೇವಲ್ಲ, ಹಾಗೆ.

ಮುಂದಿನ ಶನಿವಾರ ಯಜಮಾನರು ಒಂದು ಹಳದಿ ಹೆಲ್ಮೆಟ್ ಕಳಿಸಿದರು. ಹಾಕಿ ನೋಡಿದೆ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದವಳು ತಲೆಯೆತ್ತಿ, "ಫ್ಲೈಓವರ್ ಕಟ್ಟೋ ಮೇಸ್ತ್ರಿ ಆಗ್ಬಿಟ್ರಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಮಾವನಿಗೆ ಹೇಳಿದ್ರಾ?" ಎಂದು ಕೇಳಿದಳು.

ಹೇಳಿರಲಿಲ್ಲ. ಹೇಳದೆಯೇ ಹೋಗಿ, ಅದೇ ಬೇಲಿಯ ಹತ್ತಿರ ನಿಂತು, ಕೆಳಗೆ ಕತ್ತಲೆ, ಗುಹೆಯ ಹಾಗೆ ತಣ್ಣಗಿರುತ್ತದೆ, ಹತ್ತು ವರ್ಷ ಕೆಲಸ ಮಾಡಿದೆ ಎಂದೆ. ಕೇಳಿದವರು ತಲೆ ಆಡಿಸಿದರು. ಒಬ್ಬ ಹೆಂಗಸು ನನ್ನ ಅಂಗೈ ಮುಟ್ಟಿ ನೋಡಿ, "ಪಾವಂ" ಎಂದು ಮರುಗಿದಳು. ಅದು ಬೇಲಿನ ಹಗ್ಗ ಎಳೆದೆಳೆದು ಒರಟಾದ ಕೈ.

ಅದರ ಮಾರನೆಯ ವಾರವೂ ಜನ ಬಂದರು. ಹೊರಡುವ ಹಿಂದಿನ ಸಂಜೆ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತ ಕೇಳಿದರು.

"ಹೆಲ್ಮೆಟ್ ಯಾಕೆ?"

ಹೇಳಿದೆ. ರೂಮಿನ ವಿಷಯವನ್ನೂ ಹೇಳಿದೆ. ಅಪ್ಪ ಉಣ್ಣುತ್ತಲೇ ಇದ್ದರು. ನಮ್ಮ ಮನೆಯಲ್ಲಿ ಅವರ ಕೈ ಆಡುತ್ತಿರುವಾಗ ಯಾರೂ ಮಾತಾಡುವುದಿಲ್ಲ. ಹೆಂಡತಿಯೂ ಅದನ್ನು ಕಲಿತಿದ್ದಳು. ನಾವಿಬ್ಬರೂ ಕಾದೆವು. ತಟ್ಟೆ ಖಾಲಿಯಾಗಿ, ಕೈ ತೊಳೆದು, ಪಂಚೆಯಲ್ಲಿ ಒರೆಸಿಕೊಂಡ ಮೇಲೆ ಅವರು ಕೇಳಿದರು.

"ಕೆಳಗೆ ಹೆಂಗಿರುತ್ತೆ ಅಂದೆ?"

"ತಣ್ಣಗೆ ಅಂದೆ."

"ತಣ್ಣಗೆಲ್ಲಿ ಬಂತು. ಇಳಿದಷ್ಟೂ ಬಿಸಿ. ಅಂಗಿ ಬಿಚ್ಚಿಟ್ಟು ಕೆಲ್ಸ ಮಾಡೋರು. ಮೇಲಕ್ಕೆ ಬಂದು ನನ್ನ ಹತ್ರ ಎಲ್ಲಾ ಹೇಳೋರು." ನೀರಿನ ಚೊಂಬು ಪಕ್ಕಕ್ಕಿಟ್ಟು, "ಕೇಜು ಇಳೀವಾಗ ಕಿವಿ ಕಟ್ಕೊಳ್ಳುತ್ತೆ. ಉಗುಳು ನುಂಗ್ಬೇಕು. ಅದನ್ನ ಹೇಳು, ನಂಬ್ತಾರೆ" ಅಂದರು.

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಂಡತಿ ತಟ್ಟೆ ಎತ್ತಿದಳು.

ಮಾರನೆಯ ದಿನ ನಾನು ಉಗುಳು ನುಂಗಿ ತೋರಿಸಿದೆ. ಬಂದವರೂ ನಗುತ್ತ ಒಬ್ಬೊಬ್ಬರಾಗಿ ನುಂಗಿದರು. ಯಜಮಾನರಿಗೆ ಒಳ್ಳೆಯ ಮಾತು ತಲುಪಿತು. ಮಳೆಗಾಲ ಬಿಟ್ಟು ಮಿಕ್ಕ ದಿನಗಳಲ್ಲಿ ವ್ಯಾನು ಹೋಗುತ್ತಲೇ ಇತ್ತು. ಪಂಪು ಶೆಡ್ಡಿನ ಪಕ್ಕದ ಕೋಣೆಗೆ ಯಾರೂ ಸುಣ್ಣ ಹೊಡೆಸಲಿಲ್ಲ. ಅಪ್ಪ ಸಾಯುವವರೆಗೂ ಅಲ್ಲೇ ಇದ್ದರು. ಆ ಊರಿಗೆ ಇನ್ನೊಮ್ಮೆ ಬರುತ್ತೀರಾ ಎಂದು ನಾನು ಅವರನ್ನು ಕರೆಯಲಿಲ್ಲ. ಅವರೂ ಬರುತ್ತೇನೆ ಅನ್ನಲಿಲ್ಲ.