ಅನ್ನದ ಕೆಳಗಿನ ಉರಿ

ಅವತ್ತು ನಾನು ಒಲೆ ಆರಿಸಲಿಲ್ಲ. ಆರಿಸಿದೆ ಎಂದು ಹೇಳಿದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಯಾರಾದರೂ ಕೇಳಿದರೆ ಎರಡನೆಯದೇ ಎನ್ನುತ್ತೇನೆ.

ಹಳೇಬೀಡಿನ ಒಂದು ಹೈಸ್ಕೂಲಿನಲ್ಲಿ ನಾನು ಬಿಸಿಯೂಟದ ಅಡುಗೆಯವಳು. ನನ್ನ ತಂಗಿ ಅಲ್ಲೇ ವಿಜ್ಞಾನದ ಟೀಚರ್, ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅವಳು ಹುಟ್ಟಿದಾಗ ಮಗು ನೋಡಿಕೊಳ್ಳಲು ಯಾರೂ ಇಲ್ಲವೆಂದು ಐದನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದರು. ಅದರ ಬೇಸರ ನನಗಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೂ ಶಾಲೆಯಲ್ಲಿ ಅವಳು ‘ಹೀಗೆ ಮಾಡಕ್ಕ’ ಎಂದಾಗಲೆಲ್ಲ ಒಳಗೆ ಎಲ್ಲೋ ಚುರ್ ಎನ್ನುತ್ತದೆ.

ಈ ವರ್ಷ ಒಂಬತ್ತನೇ ತರಗತಿಗೆ ಅವಳು ಭೂಕಂಪ, ಸುನಾಮಿಯ ಪಾಠ ಶುರು ಮಾಡಿದಳು. ಗೋಡೆಯಾಚೆಯೇ ನನ್ನ ಅಡುಗೆಕೋಣೆ, ಎಲ್ಲ ಕೇಳಿಸುತ್ತಿತ್ತು.

‘ಸುನಾಮಿ ಇಲ್ಲಿಗೆ ಬರ್ಬೇಕಾದ್ರೆ ಘಾಟಿ ಹತ್ತಬೇಕಲ್ಲ ಮಿಸ್, ಸುಸ್ತಾಗಲ್ವಾ ಅದಕ್ಕೆ?’ ಎಂದ ಒಬ್ಬ ಹುಡುಗ.

‘ಅದು ಹತ್ತಲ್ಲ ಕಣೋ, ನೀನು ಟೂರ್ ಅಂತ ಇಳಿದು ಹೋಗ್ತೀಯಲ್ಲ. ಸಮುದ್ರ ಇದ್ದಕ್ಕಿದ್ದಂಗೆ ಹಿಂದೆ ಸರಿದ್ರೆ ಚಿಪ್ಪು ಹೆಕ್ತಾ ನಿಲ್ಬೇಡ, ಎತ್ತರಕ್ಕೆ ಓಡು.’

‘ಭೂಮಿ ನಡುಗಂಗಿದ್ರೆ ನಮ್ಮ ದೇವಸ್ಥಾನ ಇಷ್ಟು ವರ್ಷ ನಿಂತಿರ್ತಿತ್ತಾ ಮಿಸ್?’

‘ದೇವಸ್ಥಾನ ನಿಂತಿದೆ ಅಂತ ನಿಮ್ಮನೆ ಹಂಚು ನಿಲ್ಲುತ್ತೇನೋ?’

ಪಾಠ ಮುಗಿದ ಮೇಲೆ ಅಣಕು ಕಸರತ್ತು ಇಟ್ಟಳು. ಉದ್ದ ಬೆಲ್ ಹೊಡೆದರೆ ಡೆಸ್ಕಿನ ಕೆಳಗೆ ತಲೆ ಮುಚ್ಚಿ ಕೂರಬೇಕು, ಎರಡನೇ ಬೆಲ್ಲಿಗೆ ಸಾಲಾಗಿ ಮೈದಾನಕ್ಕೆ ಹೋಗಬೇಕು. ಜಾವಗಲ್ ಕಡೆಯಿಂದ ಬರುವ ಒಬ್ಬ ಮೆತ್ತನೆ ಸ್ವಭಾವದ ಹುಡುಗಿಗೆ ಒಂದು ಕೆಲಸ ಕೊಟ್ಟಿದ್ದಳು: ಹೋಗುತ್ತಾ ಅಡುಗೆಕೋಣೆಯ ಕಿಟಕಿಯಲ್ಲಿ ಇಣುಕಿ, ಕಂಡದ್ದನ್ನು ಬಂದು ಹೇಳುವುದು. ನನಗೂ ಒಂದೇ ಕೆಲಸ. ಬೆಲ್ ಆದೊಡನೆ ಗ್ಯಾಸ್ ಆರಿಸಿ ಹೊರಗೆ ಬರುವುದು.

ಬೆಲ್ ಆದಾಗ ಅನ್ನಕ್ಕೆ ಆಗಷ್ಟೇ ಕುದಿ ಬಂದಿತ್ತು. ಅರೆಬೆಂದ ಅನ್ನದ ಕೆಳಗಿನ ಉರಿ ತೆಗೆದರೆ ಅದು ಮತ್ತೆ ಹದಕ್ಕೆ ಬರುವುದಿಲ್ಲ. ಸುಳ್ಳು ಭೂಕಂಪಕ್ಕೆ ನಿಜವಾದ ಅನ್ನ ಕೆಡಿಸುವುದೇ ಅನ್ನಿಸಿತು. ಇವಳು ಹೇಳಿದಳೆಂದು ನಾನು ಮಾಡಬೇಕೇ ಎಂಬುದೂ ಅದರ ಬೆನ್ನಿಗೇ ಬಂತು. ಉರಿ ಸಣ್ಣ ಮಾಡಿ, ಮುಚ್ಚಳ ಎಳೆದು ಮೈದಾನಕ್ಕೆ ಹೋದೆ.

‘ಆರಿಸಿದ್ಯಾ ಅಕ್ಕ?’

‘ಹೂಂ.’

ಹುಡುಗಿ ಏದುಸಿರು ಬಿಡುತ್ತಾ ಬಂದಳು. ‘ಮಿಸ್, ಒಲೆ ಉರೀತೈತೆ.’

ಎಲ್ಲರೂ ನನ್ನ ಕಡೆ ತಿರುಗಿದರು. ‘ಆರಿಸೇ ಬಂದಿದ್ದೀನಿ ಕಣವ್ವ. ನೀನು ಸರ್ಯಾಗಿ ನೋಡಿಲ್ಲ’ ಎಂದೆ.

‘ಅವಳಿಗೆ ಹಸಿವು ಕಣ್ರೋ, ಎಲ್ಲೆಲ್ಲೂ ಒಲೇನೇ ಕಾಣ್ತೈತೆ’ ಎಂದ ಯಾರೋ. ನಗು ಎದ್ದಿತು.

‘ಇಲ್ಲ ಮಿಸ್, ನೀಲಿ ಉರಿ ಕಾಣ್ತು.’

‘ನಮ್ಮಕ್ಕ ಸುಳ್ಳು ಹೇಳೋಳಲ್ಲ’ ಎಂದಳು ತಂಗಿ. ‘ನೋಡದೇ ಇದ್ದದ್ದು ನೋಡಿದೆ ಅಂದ್ರೆ ನಿಜವಾದ ಅಪಾಯದಲ್ಲಿ ಏನಾಗುತ್ತೆ ಗೊತ್ತಾ ನಿನಗೆ?’

ಹುಡುಗಿ ಹೋಗಿ ಸಾಲಿನಲ್ಲಿ ನಿಂತಳು. ಯಾರೂ ಒಳಗೆ ಬರುವ ಮೊದಲೇ ನಾನು ಒಲೆಯ ಬಳಿ ಓಡಿದೆ. ಅವತ್ತು ಅನ್ನ ಚೆನ್ನಾಗಿಯೇ ಆಗಿತ್ತು. ಬಡಿಸುವಾಗ ಆ ಹುಡುಗಿ ತಟ್ಟೆಯೊಡ್ಡಿದಳು, ತಲೆ ಎತ್ತಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತಂಗಿ, ‘ಆ ಹುಡುಗಿ ನಿನ್ನ ಮೇಲೇ ಹೇಳ್ತಾಳೆ ನೋಡಕ್ಕ, ಈ ವಯಸ್ಸೇ ಹಂಗೆ’ ಎಂದಳು. ಆಗಲೇ ಹೇಳಬಹುದಿತ್ತು. ಬಸ್ ಬಂತು. ‘ಹುಷಾರಾಗಿ ಹೋಗು’ ಎಂದೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಮನೆಯಲ್ಲಿ ಮುದ್ದೆ ತಿರುವಿದರೆ ಗಂಟು. ‘ಕೈ ಇಲ್ಲಿ, ಜ್ಞಾನ ಎಲ್ಲಿ?’ ಎಂದರು ಗಂಡ. ಅಡುಗೆಕೋಣೆಗೆ ಬೀಗ ಹಾಕಿ ಅರ್ಧ ದಾರಿ ಬಂದು, ಗ್ಯಾಸ್ ಮುಚ್ಚಿದೆನೇ ಇಲ್ಲವೇ ಎಂದು ಶಾಲೆಗೆ ತಿರುಗಿ ಹೋಗುತ್ತಿದ್ದೆ. ಪ್ರತಿ ಸಲವೂ ಮುಚ್ಚಿಯೇ ಇರುತ್ತಿತ್ತು. ಹುಡುಗಿಗೆ ಒಂದು ಸೌಟು ಸಾರು ಹೆಚ್ಚು ಹಾಕಲು ಹೋದೆ. ‘ಸಾಕು ಆಂಟಿ’ ಎಂದು ತಟ್ಟೆ ಎಳೆದುಕೊಂಡಳು. ಆ ಸೌಟು ಹಿಡಿದು ನಿಂತಾಗ ನನಗೇ ನಾಚಿಕೆಯಾಯಿತು.

ಕೆಲವು ವಾರ ಕಳೆದು ತಂಗಿ ಇನ್ನೊಂದು ಕಸರತ್ತಿಗೆ ಕೆಲಸ ಹಂಚತೊಡಗಿದಳು. ನಾನು ಈಚೆ ಹುರುಳಿಕಾಯಿ ಮುರಿಯುತ್ತಿದ್ದೆ. ಆ ಹುಡುಗಿಯ ದನಿ ಕೇಳಿತು.

‘ನಂಗೆ ಬ್ಯಾಡ ಮಿಸ್.’

‘ಯಾಕೆ?’

‘ನೋಡಿದ್ದು ಹೇಳಿದ್ರೆ ಸುಳ್ಳು ಅಂತೀರ. ಇನ್ಮೇಲೆ ನೋಡಿದ್ರೂ ಹೇಳಲ್ಲ.’

ಕೈಲಿದ್ದ ಹುರುಳಿಕಾಯಿ ಕೆಳಗಿಟ್ಟೆ. ಮುಂದೆ ಯಾವತ್ತೋ ಎಲ್ಲೋ ನಿಜವಾದ ಹೊಗೆ ಕಂಡಾಗಲೂ ಈ ಮಗು ಬಾಯಿ ಮುಚ್ಚಿಕೊಂಡು ನಿಂತರೆ? ತಂಗಿ ತಿಂಗಳುಗಟ್ಟಲೆ ಕಲಿಸಿದ್ದನ್ನು ನಾನು ಒಂದು ‘ಹೂಂ’ನಲ್ಲಿ ಮರೆಸಿದ್ದೆ.

ಸೆರಗಿಗೆ ಕೈ ಒರೆಸಿಕೊಂಡು ತರಗತಿಯ ಬಾಗಿಲಿಗೆ ಹೋದೆ. ಇಷ್ಟು ವರ್ಷದಲ್ಲಿ ದಾಟದ ಆ ಹೊಸ್ತಿಲನ್ನು ಅವತ್ತು ದಾಟಿದೆ.

‘ಇಷ್ಟು ಬೇಗ ಊಟ ಆಯ್ತಾ ಆಂಟಿ?’ ಎಂದಿತು ಹಿಂದಿನ ಬೆಂಚು.

‘ಏನಕ್ಕ?’ ಎಂದಳು ತಂಗಿ.

ಅವಳ ಮುಖ ನೋಡಿದರೆ ಧೈರ್ಯ ಹೋಗುತ್ತದೆಂದು ಹುಡುಗಿಯನ್ನೇ ನೋಡಿದೆ.

‘ಅವತ್ತು ನೀನು ನೋಡಿದ್ದು ನಿಜ ಕಣವ್ವ. ಒಲೆ ಉರೀತಿತ್ತು. ಸುಳ್ಳು ಹೇಳಿದೋಳು ನಾನು, ಬೈಸ್ಕೊಂಡೋಳು ನೀನು.’ ಆಮೇಲೆ ತಂಗಿಯ ಕಡೆ ತಿರುಗಿದೆ. ‘ನಿನ್ನ ಕೈಲಿ ಅನ್ಯಾಯ ಮಾಡಿಸ್ದೆ. ನಿಮ್ಮಿಬ್ರಿಗೂ ಮೋಸ ಮಾಡ್ದೆ. ತಪ್ಪಾಯ್ತು ಕಣ್ರವ್ವ.’