ಎಂಟನೆಯ ಮೊಳೆ

ನನ್ನ ಮೇಜಿನ ಪಕ್ಕದ ಕಿಟಕಿಯ ಚೌಕಟ್ಟಿಗೆ ಏಳು ಮನೆಗಳ ಬೀಗದ ಕೈಗಳು ತೂಗುಬಿದ್ದಿವೆ. ಏಳರಲ್ಲಿ ಒಂದು ಮನೆಯೂ ನನ್ನದಲ್ಲ. ಬೇಲೂರಿಗೆ ಬಂದು ವರ್ಷ ತುಂಬುವುದರೊಳಗೆ ಈ ಮನುಷ್ಯ ಎಷ್ಟೊಂದು ವಿಶ್ವಾಸ ಸಂಪಾದಿಸಿದ್ದಾನೆ ಎಂದು ನೀವು ತಲೆದೂಗಲು ಹೊರಟಿದ್ದರೆ, ದಯವಿಟ್ಟು ತಲೆಯನ್ನು ಅಲ್ಲಿಯೇ ನಿಲ್ಲಿಸಿ. ನಿಮ್ಮ ಕಣ್ಣಿಗೆ ಬೀಗದ ಕೈಗಳಾಗಿ ಕಾಣುವ ಇವು ನನ್ನ ಪಾಲಿಗೆ ಏಳು ಅವಮಾನಗಳು. ಒಂದೊಂದರ ವಾರ, ವೇಳೆ ಮತ್ತು ಆಡಿದ ಮಾತು ನನಗೆ ಕಂಠಪಾಠವಾಗಿವೆ.

ಬೆಂಗಳೂರನ್ನು ಬಿಟ್ಟದ್ದು ಕೂಡ ಒಂದು ಅವಮಾನದಿಂದಲೇ. ಹನ್ನೊಂದು ವರ್ಷ ವಾಸವಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಕೊತ್ತಂಬರಿ ಸೊಪ್ಪು ಹಿಡಿದು ಒಳಬರುತ್ತಿದ್ದ ನನ್ನನ್ನು ಕಾವಲಿನವನು ತಡೆದು, “ಯಾರ ಮನೆಗೆ ಸಾರ್?” ಎಂದ. ಅತಿಥಿಯಾಗಿ ಬರುವವನು ಕೊತ್ತಂಬರಿ ಸೊಪ್ಪು ತರುತ್ತಾನೆಯೇ? ಅಷ್ಟಾದರೂ ವಿವೇಚನೆ ಬೇಡವೇ? ಅದೇ ತಿಂಗಳು ದೇವಸ್ಥಾನ ನೋಡಲು ಬೇಲೂರಿಗೆ ಬಂದು ಉಳಿದಾಗ, ಎರಡನೆಯ ದಿನ ಬೆಳಿಗ್ಗೆ ಬಸ್ ನಿಲ್ದಾಣದ ಬಳಿಯ ಹೋಟೆಲಿನವರು, ನಾನು ಬಾಯಿ ತೆರೆಯುವ ಮೊದಲೇ, “ಸಕ್ಕರೆ ಕಮ್ಮಿ ಕಾಫಿ ಅಲ್ವಾ ಸಾರ್?” ಎಂದರು. ಹನ್ನೊಂದು ವರ್ಷವನ್ನೂ ಒಂದು ದಿನವನ್ನೂ ಆ ಕಾಫಿ ಆರುವುದರೊಳಗೆ ತೂಗಿ ನೋಡಿದೆ. ಇನ್ನು ಮುಂದೆ ನಮ್ಮ ವಾಸ ಇಲ್ಲಿಯೇ ಎಂದು ಹೆಂಡತಿಗೆ ಘೋಷಿಸಿದೆ.

“ಕಾಫಿಗೋಸ್ಕರ ಊರು ಬದಲಾಯಿಸ್ತಾರೇನ್ರೀ?” ಎಂದಳು ವಿಮಲಾ.

ಕಾಫಿಗೋಸ್ಕರವಲ್ಲ, ಗುರುತಿಗೋಸ್ಕರ ಎಂದು ತಿದ್ದಿದೆ. ತಿದ್ದುವುದೇ ನನ್ನ ಉದ್ಯೋಗ. ಕಾನೂನಿನ ಪುಸ್ತಕಗಳನ್ನು ಅಚ್ಚು ಹಾಕುವ ಬೆಂಗಳೂರಿನ ಮುದ್ರಣಾಲಯವೊಂದಕ್ಕೆ ಕರಡು ತಿದ್ದುತ್ತೇನೆ. ನಿವೃತ್ತಿಯಾದ ಮೇಲೂ ಅವರು ನನ್ನನ್ನು ಬಿಡಲಿಲ್ಲ. ಪುಟಗಳು ಕಂಪ್ಯೂಟರಿಗೆ ಬರುತ್ತವೆ, ತಿದ್ದಿದೊಡನೆ ಹಿಂತಿರುಗುತ್ತವೆ. ಬೆಂಗಳೂರಿನಲ್ಲಿ ಕುಳಿತರೇನು, ಬೇಲೂರಿನಲ್ಲಿ ಕುಳಿತರೇನು? ಅಲ್ಪವಿರಾಮಕ್ಕೆ ನಾನೆಲ್ಲಿದ್ದೇನೆಂಬ ಚಿಂತೆಯಿಲ್ಲ.

ಈ ಸರಳ ಸಂಗತಿ ಈ ಸೀಮೆಯಲ್ಲಿ ಯಾರ ತಲೆಗೂ ಹೋಗುವುದಿಲ್ಲವೆಂಬುದರ ಮುನ್ಸೂಚನೆ ದಾರಿಯಲ್ಲಿಯೇ ಸಿಕ್ಕಿತ್ತು. ಸಾಮಾನಿನ ಲಾರಿಯನ್ನು ಮುಂದೆ ಕಳಿಸಿ, ನಾವಿಬ್ಬರೂ ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಬೇಲೂರಿನ ಬಸ್ಸು ಹತ್ತಿದೆವು. ನಮ್ಮ ಚೀಲಗಳ ಗಾತ್ರ ನೋಡಿ ಕಂಡಕ್ಟರು ಕೇಳಿದ:

“ಟ್ರಾನ್ಸ್‌ಫರ್ರಾ ಸಾರ್?”

“ಅಲ್ಲಪ್ಪ. ಕೆಲಸ ಬೆಂಗಳೂರಿಂದೇ. ಬೇಲೂರಲ್ಲಿ ಕೂತು ಮಾಡ್ತೀನಿ.”

ಆತ ನನ್ನನ್ನು ಬಿಟ್ಟು ವಿಮಲಳ ಕಡೆಗೆ ತಿರುಗಿ, ದನಿ ತಗ್ಗಿಸಿ ಕೇಳಿದ: “ಡಾಕ್ಟ್ರಿಗೆ ತೋರ್ಸಿದೀರಾ ಅಮ್ಮ?”

ವಿಮಲಾ ಜಾವಗಲ್‌ನಿಂದ ಹಳೇಬೀಡಿನವರೆಗೆ ನಕ್ಕಳು. ಈ ಅವಮಾನದೊಂದಿಗೆ ಬೀಗದ ಕೈ ಬಾರದಿದ್ದುದರಿಂದ ಇದನ್ನು ಏಳರಲ್ಲಿ ಸೇರಿಸಿಲ್ಲ.

ಏಳರಲ್ಲಿ ಮೊದಲನೆಯದು ಒಂದು ಮಂಗಳವಾರ, ಎಂಟು ಗಂಟೆ ಹತ್ತು ನಿಮಿಷಕ್ಕೆ ಸಂಭವಿಸಿತು. ಪಕ್ಕದ ಮನೆಯ ರಂಗೇಗೌಡರು ಗೆಂಡೆಹಳ್ಳಿಯ ಹೊಲಕ್ಕೆ ಹೊರಟವರು ಕಿಟಕಿಯಲ್ಲಿ ಕೈ ತೂರಿಸಿದರು. “ಸಾ, ಇದ್ನ ಮಡೀಕಂಡಿರಿ. ನಮ್ಮೋಳು ಬಂದ್ರೆ ಕೊಡಿ. ನೀವೆಂಗೂ ಖಾಲಿ ಕೂತಿರ್ತೀರಲ್ಲ.”

ಖಾಲಿ! ನನ್ನೆದುರು ಆಗ ನಾನ್ನೂರು ಪುಟಗಳ ತೀರ್ಪಿನ ಸಂಪುಟವೊಂದು ತೆರೆದಿತ್ತು. “ಗೌಡ್ರೇ, ನಾನು ಕೆಲಸದಲ್ಲಿದ್ದೀನಿ,” ಎಂದೆ.

ಅವರು ನನ್ನ ಕಂಪ್ಯೂಟರನ್ನು ಇಣುಕಿ ನೋಡಿ, “ನೋಡ್ಕಳಿ ನೋಡ್ಕಳಿ, ಟೀವಿ ನೋಡ್ಬ್ಯಾಡಿ ಅಂತ ನಾನೇನ್ ಅಂದ್ನಾ?” ಎಂದು ಹೊರಟೇಹೋದರು.

ಎರಡನೆಯ ಬೀಗದ ಕೈ ತಂದವರು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸರೋಜಮ್ಮ. ಓದಿದವರಾದ್ದರಿಂದ ಅವರಿಗೆ ವಿವರವಾಗಿಯೇ ತಿಳಿಸಿದೆ: ಬರೆದವರ ತಪ್ಪುಗಳನ್ನು ಹುಡುಕಿ ಗುರುತು ಹಾಕುವುದು ನನ್ನ ಕೆಲಸ, ಅದಕ್ಕೆ ಏಕಾಗ್ರತೆ ಬೇಕು, ಇತ್ಯಾದಿ. ಅವರು ಶ್ರದ್ಧೆಯಿಂದ ಕೇಳಿದರು. ಕೇಳಿ, “ತಪ್ಪು ಹುಡ್ಕೋಕೂ ಸಂಬ್ಳ ಕೊಡ್ತಾರಾ ಸಾರ್? ಅಯ್ಯೋ, ನಮ್ಮತ್ತೆ ಇಪ್ಪತ್ತು ವರ್ಷದಿಂದ ಬಿಟ್ಟಿ ಮಾಡ್ತಾವ್ರೆ!” ಎಂದರು. ಏಳನೆಯವರ ವೇಳೆಗೆ ಮಾತೂ ನಿಂತುಹೋಗಿತ್ತು. ಒಂದು ಕೈ ಕಿಟಕಿಯೊಳಗೆ ಬಂದು, ಚೌಕಟ್ಟು ತಡವಿ, ಮೊಳೆಯನ್ನು ತಾನೇ ಹುಡುಕಿಕೊಂಡು ಬೀಗದ ಕೈ ಸಿಕ್ಕಿಸಿ ಹೊರಟುಹೋಯಿತು. ಒಳಗೆ ಮನುಷ್ಯನಿದ್ದಾನೆಯೇ ಎಂದು ನೋಡುವ ಸೌಜನ್ಯವೂ ಇಲ್ಲ.

ಇದೇ ಊರಿನ ಶಿಲ್ಪಿಗಳನ್ನು ನೋಡಿ. ವಿಗ್ರಹವೊಂದನ್ನು ಕಡೆದು ಮುಗಿಸಿದರೆ ಅದರ ಅಡಿಯಲ್ಲಿ ತಮ್ಮ ಹೆಸರನ್ನು, ಬಿರುದಾವಳಿಯ ಸಮೇತ, ಕೆತ್ತಿಯೇ ಏಳುತ್ತಿದ್ದರು. ಆ ಮಹನೀಯರಿಗೂ ನೆರೆಹೊರೆಯವರು “ಕಲ್ಲು ಕುಟ್ತಾ ಕೂತಿರ್ತೀರಲ್ಲ, ಸ್ವಲ್ಪ ನಮ್ಮ ಮನೆ ಕಡೆ ನೋಡ್ಕೊಳ್ಳಿ” ಎಂದಿರಬಹುದು ಎಂಬುದು ನನ್ನ ಬಲವಾದ ಊಹೆ; ಇಲ್ಲದಿದ್ದರೆ ಅಷ್ಟು ಒತ್ತಿ ಒತ್ತಿ ಹೆಸರು ಕೆತ್ತುವ ಅಗತ್ಯವೇನಿತ್ತು? ಅವರಿಂದ ಸ್ಫೂರ್ತಿ ಪಡೆದು ನಾನೂ ಬಾಗಿಲಿಗೆ ಒಂದು ಫಲಕ ತೂಗುಹಾಕಿದೆ: “ಕಚೇರಿ ವೇಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು.” ಮೊದಲ ದಿನವೇ ನಾಲ್ಕು ಜನ ಬಂದು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇಲ್ಲಿಯೇ ಕೊಡುತ್ತಾರೆಯೇ ಎಂದು ವಿಚಾರಿಸಿದರು. ಐದನೆಯವರು ಫೋಟೋ ಸಮೇತ ಬಂದಿದ್ದರು. ಫಲಕ ಈಗ ಅಡಿಗೆಮನೆಯಲ್ಲಿ ಹಾಲಿನ ಪಾತ್ರೆಗೆ ಮುಚ್ಚಳವಾಗಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಸಲ್ಲಿಸಬೇಕು. ಅವಮಾನವೇ ಆದರೂ ಅಸ್ತವ್ಯಸ್ತವಾಗಿ ಬಿದ್ದಿರುವುದನ್ನು ನಾನು ಸಹಿಸಲಾರೆ. ಆದ್ದರಿಂದ ಚೌಕಟ್ಟನ್ನು ಅಳೆದು, ಸಮಾನ ಅಂತರದಲ್ಲಿ ಎಂಟು ಮೊಳೆ ಹೊಡೆದು, ಒಂದೊಂದರ ಕೆಳಗೆ ಮನೆಯವರ ಹೆಸರಿನ ಚೀಟಿ ಅಂಟಿಸಿದೆ. ಬೆಳಿಗ್ಗೆ ಏಳೂ ಕೈಗಳು ಬಂದು ಸೇರಿದ ಮೇಲೆ ಗಾಳಿಗೆ ಅವು ಕಿಣಿಕಿಣಿ ಎನ್ನುವಾಗ ಒಳಗೊಳಗೇ ಏನೋ ಒಂದು ಹಿಗ್ಗು. ಹನ್ನೊಂದು ವರ್ಷ ನಾನು ಯಾರೆಂದೇ ತಿಳಿಯದ ಗೇಟೆಲ್ಲಿ, ಏಳು ಮನೆಯ ಬಾಗಿಲೆಲ್ಲಿ!

ಎಂಟನೆಯ ಮೊಳೆ ಮಾತ್ರ ಖಾಲಿ. ಅದರ ಕೆಳಗಿನ ಚೀಟಿಯಲ್ಲಿ “ಲಲಿತಮ್ಮ” ಎಂದು ಮೊದಲೇ ಬರೆದಿದ್ದೆ.

ಲಲಿತಮ್ಮನವರದು ಎದುರು ಮನೆ. ಬಸ್ ನಿಲ್ದಾಣದ ಬಳಿ ಹೊಲಿಗೆ ಅಂಗಡಿಯಿದೆ. ಕಾಲೇಜಿಗೆ ಹೋಗುವ ಮಗಳು ಸಂಜೆ ನಾಲ್ಕಕ್ಕೆ ಬಂದು ಬಾಗಿಲು ತೆರೆಯುತ್ತಾಳೆ. ಹೀಗಿರುವಾಗ ಬೀಗದ ಕೈ ಎಲ್ಲಿಗೆ ಬರಬೇಕು? ಆದರೆ ಆಕೆ ದಿನವೂ ಬೀಗ ಹಾಕಿ, ನನ್ನ ಗೇಟನ್ನು ಹಾದು, ಬೀದಿಯ ಕೊನೆಯ ಹಿಟ್ಟಿನ ಮಿಲ್ಲಿಗೆ ಹೋಗಿ ಅಲ್ಲಿ ಕೊಡುತ್ತಿದ್ದರು. ನನ್ನ ಗೇಟಿನಿಂದ ಮಿಲ್ಲಿಗೆ ನೂರ ಹದಿನೆಂಟು ಹೆಜ್ಜೆ. ನಾನು ನಡೆದು ನೋಡಿದ್ದೇನೆ. ರಾಗಿ ಹಿಟ್ಟು ಮೆತ್ತಿದ ಆ ಬೀಗದ ಕೈಯನ್ನು ಸಂಜೆ ಮಗಳು ಲಂಗಕ್ಕೆ ಒರೆಸಿ ಬೀಗಕ್ಕೆ ಹಾಕುವುದನ್ನೂ ಕಿಟಕಿಯಿಂದ ಕಂಡಿದ್ದೇನೆ.

ಏಳು ಜನ ಬೀಗದ ಕೈ ಕೊಟ್ಟದ್ದಕ್ಕೆ ಕೋಪಗೊಂಡಿದ್ದ ನಾನು, ಎಂಟನೆಯವರು ಕೊಡದಿದ್ದುದಕ್ಕೆ ಊಟ ಬಿಡುವ ಹಂತ ತಲುಪಿದೆ. ನನ್ನಲ್ಲಿ ಆಕೆ ಕಂಡ ಕೊರತೆಯೇನು? ಒಗೆದ ಅಂಗಿ ತೊಟ್ಟು, ಒಂಬತ್ತೂವರೆಗೆ ಸರಿಯಾಗಿ ಗೇಟಿನ ಬಳಿ ದಾಸವಾಳಕ್ಕೆ ನೀರು ಹಾಕುತ್ತ ನಿಲ್ಲತೊಡಗಿದೆ. “ನಮಸ್ಕಾರ ಸಾರ್,” ಎಂದು ಆಕೆ ಮುಂದೆ ಹೋಗುತ್ತಿದ್ದರು. ನೀರು ಹೆಚ್ಚಾಗಿ ದಾಸವಾಳ ಕೊಳೆಯಿತು.

“ಮುಖ ನೋಡಿಯೇ ಹೆದರ್ತಾರೆ ಕಣ್ರೀ. ಒಂದ್ಸಲ ನಕ್ಕು ನೋಡಿ,” ಎಂದಳು ವಿಮಲಾ. ನಕ್ಕೆ. ಆ ದಿನ ಲಲಿತಮ್ಮ ಇನ್ನೂ ಬೇಗ ಹೆಜ್ಜೆ ಹಾಕಿದರು.

ಕೊನೆಗೊಂದು ಗುರುವಾರ ಮಿಲ್ಲಿನವರು ಮದುವೆಗೆಂದು ಬಾಗಿಲು ಹಾಕಿಕೊಂಡು ಹೋಗಿದ್ದರು. ಲಲಿತಮ್ಮ ಅಲ್ಲಿಯವರೆಗೆ ಹೋಗಿ, ಹಿಂದಿರುಗಿ ಬಂದು, ಬೀದಿಯ ನಡುವೆ ಬೀಗದ ಕೈ ಹಿಡಿದು ನಿಂತರು. ನನ್ನ ಕಿಟಕಿಯನ್ನೊಮ್ಮೆ ನೋಡಿದರು. ಅದನ್ನು ಪರ್ಸಿಗೆ ಹಾಕಿಕೊಂಡು ನಡೆದೇಬಿಟ್ಟರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಲಲಿತಮ್ಮನೋರೇ!” ಎಂದು ಚಪ್ಪಲಿಯಿಲ್ಲದೆ ಬೀದಿಗೆ ಓಡಿದೆ. “ಮಗಳು ಸಂಜೆ ಬೀದೀಲಿ ನಿಂತ್ಕೊಂಡ್ರೂ ಚಿಂತೆಯಿಲ್ಲ, ನಮ್ಮ ಮನೇಲಿ ಮಾತ್ರ ಕೊಡಬಾರದು, ಅಲ್ವಾ? ನಾನೇನು ಕಳ್ಳನಾ?”

ಆಕೆ ಗಾಬರಿಯಾಗಿ ಕೆನ್ನೆಗೆ ಕೈಯಿಟ್ಟುಕೊಂಡರು. “ಅಯ್ಯೋ, ಬಿಡ್ತು ಅನ್ನಿ ಸಾರ್! ನೀವು ಕೆಲ್ಸದಲ್ಲಿ ಇರ್ತೀರಲ್ಲ, ಅದ್ಕೇ ಕಣ್ರೀ. ಎಲ್ರೂ ಕಿಟಕೀಲಿ ಕೈ ಹಾಕಿ ನಿಮ್ ಜೀವ ತಿಂತಾರೆ, ನಾನೊಬ್ಳು ಬೇರೆ ಯಾಕೆ ಅಂತ. ಅಂಗಡಿ ಇಡೋಕ್ ಮುಂಚೆ ಹನ್ನೆರಡು ವರ್ಷ ಮನೇಲೇ ಮಿಶಿನ್ ತುಳ್ದೋಳು ನಾನು. ‘ಮನೇಲೇ ಇರ್ತೀಯಲ್ಲ’ ಅಂತ ಮಗು ಬಿಟ್ಟೋಗೋರು, ಬೀಗದ್ ಕೈ ಕೊಟ್ಟೋಗೋರು, ಒಣಗಾಕಿರೋ ಸಂಡಿಗೆ ಕಾಯಿ ಅನ್ನೋರು. ಒಂದ್ ರವಿಕೆ ಮುಗ್ಸೋಕೆ ಬಿಡ್ತಿರ್ಲಿಲ್ಲ. ಮನೇಲಿ ಕೂತು ಮಾಡೋ ಕೆಲ್ಸದ ಕಷ್ಟ ನಂಗೊತ್ತಿಲ್ವಾ?”

ಅರಸೀಕೆರೆಯಲ್ಲಿ ಬಸ್ಸು ಹತ್ತಿದಂದಿನಿಂದ ನಾನು ಹಂಬಲಿಸಿದ್ದ ಗೌರವವನ್ನು ಈ ಊರಿನಲ್ಲಿ ಒಬ್ಬರೇ ಒಬ್ಬರು ದಿನವೂ ನೂರ ಹದಿನೆಂಟು ಹೆಜ್ಜೆ ನಡೆದು ಸಲ್ಲಿಸುತ್ತಿದ್ದರು. ನಾನು ಅದನ್ನೇ ಎಲ್ಲಕ್ಕಿಂತ ದೊಡ್ಡ ಅವಮಾನವೆಂದು ಜೋಪಾನ ಮಾಡಿಕೊಂಡಿದ್ದೆ!

ಮನುಷ್ಯ ಆಸೆಬುರುಕ. ಗೌರವ ದೊರಕಿತು, ಇನ್ನು ಸುಮ್ಮನೆ ಹಿಂದಿರುಗೋಣ ಎನ್ನಿಸಬೇಕಲ್ಲವೇ? ನನ್ನ ಕಣ್ಣು ಪರ್ಸಿನ ಮೇಲೆಯೇ ಇತ್ತು. “ಇವತ್ತೊಂದು ದಿನ...” ಎಂದೆ, ನನ್ನ ವಯಸ್ಸಿಗೆ ಸಲ್ಲದ ದನಿಯಲ್ಲಿ.

ಆಕೆ ನಕ್ಕು ಬೀಗದ ಕೈ ತೆಗೆದುಕೊಟ್ಟರು. “ಆದ್ರೆ ಮಗಳಿಗೆ ಹೇಳಿರ್ತೀನಿ ಸಾರ್, ಮಾತಾಡಿಸಿ ತೊಂದ್ರೆ ಕೊಡಬ್ಯಾಡ ಅಂತ.”

ಸಂಜೆ ನಾಲ್ಕಕ್ಕೆ ಬಳೆ ತೊಟ್ಟ ಕೈಯೊಂದು ಕಿಟಕಿಯೊಳಗೆ ಮೆಲ್ಲನೆ ಬಂದು, ಎಂಟನೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು, ಸದ್ದಿಲ್ಲದೆ ಮರಳಿತು. ನಾನು ತಲೆಯೆತ್ತಲಿಲ್ಲ. ಕೆಲಸದಲ್ಲಿದ್ದೆನಲ್ಲ, ಮೂರೂವರೆಯಿಂದ ಒಂದೇ ಸಾಲನ್ನು ಓದುತ್ತಿದ್ದೆ.

ಆ ಪುಟದಲ್ಲಿ ಎರಡು ತಪ್ಪುಗಳು ಉಳಿದುಹೋಗಿವೆ, ವಯಸ್ಸಾಯಿತೇನೋ ಎಂದು ಮರುದಿನ ಬೆಂಗಳೂರಿನ ಮುದ್ರಣಾಲಯದಿಂದ ಫೋನ್ ಬಂತು. ಹಾಗೆಂದವರು ಯಾರು, ಯಾವ ಧಾಟಿಯಲ್ಲಿ ಹೇಳಿದರು ಎಂದು ಕೇಳಬೇಡಿ. ನನ್ನ ಜೀವಮಾನದಲ್ಲಿ ಆ ಅವಮಾನವೊಂದನ್ನು ಮಾತ್ರ ಮರೆತಿದ್ದೇನೆ.